ಕಿವಿಯೊಳಗಿನ ಜೀರುಂಡೆ

2004ರ ಮಾರ್ಚ್ 18, ಗುರುವಾರ. ಬೆಳಿಗ್ಗೆ ಹತ್ತೂವರೆಗೆ ಭೈರುಂಬೆಯ ರೈತ ದೇವರು ಹೆಗಡೆ ಠಾಣೆಯ ಮೆಟ್ಟಿಲು ಹತ್ತಿದರು. ಠಾಣೆಯ ಹೆಸರು ಇಲ್ಲಿ ಬೇಡ. ಶಿರಸಿ ತಾಲೂಕಿನದು ಎಂದರೆ ಸಾಕು. ಚುನಾವಣೆ ಘೋಷಣೆಯಾಗಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ರೈತರೆಲ್ಲ ತಮ್ಮ ಬೆಳೆ ರಕ್ಷಣೆಯ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕೆಂದು ಆದೇಶ ಬಂದಿತ್ತು. ಮಂಗ, ಕಾಡುಹಂದಿಗಳನ್ನು ಹೆದರಿಸಲು ಇಟ್ಟುಕೊಂಡ ಈ ಕೋವಿಗಳು ಪ್ರತಿ ಚುನಾವಣೆಗೂ ಹೆಣ್ಣುಮಕ್ಕಳು ತವರಿಗೆ ಬಂದ ಹಾಗೆ ಠಾಣೆಗೆ ಬಂದು, ತಿಂಗಳೊಪ್ಪತ್ತು ಇದ್ದು ಹೋಗುತ್ತವೆ. ಹೆಗಡೆಯವರ ಕೈಯಲ್ಲಿ ಲೈಸೆನ್ಸ್ ಪುಸ್ತಕವಿತ್ತು. ಕೋವಿ ಇರಲಿಲ್ಲ.

"ಕೋವಿ ಕಾಣ್ತಾ ಇಲ್ಲೆ ಸಾಹೇಬ್ರೆ," ಎಂದರು.

"ಯಾವಾಗಿಂದ?" ಪಿ.ಎಸ್.ಐ. ಉಮಾಕಾಂತ ಗುನಗಾ ಪೆನ್ನು ತೆಗೆದರು.

"ನಿನ್ನೆ ಸಂಜೆ ಒರೆಸಿಡೋಣ ಅಂತ ಕೋಣೆಗೆ ಹೋದೆ. ಗೂಟ ಇದ್ದು, ಕೋವಿ ಇಲ್ಲೆ."

"ಕೊನೆಗೆ ನೋಡಿದ್ದು?"

"ಸೋಮವಾರ. ನಮ್ಮ ಸಂಗಯ್ಯ ಮಂಗ ಓಡಿಸಿಕೊಂಡು ಬಂದು ತೂಗುಹಾಕಿದ್ದ. ನಾನೇ ನೋಡಿದ್ದು."

ಗುನಗಾ ಅಂಕೋಲೆ ಕಡೆಯವರು, ಕೆಟ್ಟ ಮನುಷ್ಯರಲ್ಲ. ಆದರೆ ಚುನಾವಣೆಯ ಹೊತ್ತಿನಲ್ಲಿ ಕೋವಿ ಕಳೆದಿದೆ ಎಂದರೆ ಯಾವ ಪಿ.ಎಸ್.ಐ.ಗಾದರೂ ಮೈಯೆಲ್ಲ ಕಣ್ಣಾಗುತ್ತದೆ, ಮತ್ತು ಆ ಕಣ್ಣುಗಳಲ್ಲಿ ಒಂದೂ ಸರಿಯಾಗಿ ಕಾಣುವುದಿಲ್ಲ. ಹನ್ನೊಂದೂಕಾಲಿಗೆ ಭಾರತೀಯ ದಂಡ ಸಂಹಿತೆಯ ಕಲಂ 380ರಡಿ ಎಫ್ಐಆರ್ ದಾಖಲಾಯಿತು. ಮಧ್ಯಾಹ್ನ ಭೈರುಂಬೆಗೆ ಹೋಗಿ ಸ್ಥಳ ಪಂಚನಾಮೆ ಮಾಡಿದರು. ಜಗುಲಿಯ ಪಕ್ಕದ ಕೋಣೆ, ಬೀಗ ಹಾಕುವ ರೂಢಿ ಇಲ್ಲ. ಖಾಲಿ ಗೂಟ. ಅದರ ಪಕ್ಕದ ಗೂಟದಲ್ಲಿ ಮದ್ದಿನ ಬುರುಡೆ, ಕೇಪಿನ ಡಬ್ಬಿ, ಸೀಸದ ಚರೆಯ ಚೀಲ ಮೂರೂ ಇದ್ದ ಹಾಗೇ ನೇತಾಡುತ್ತಿದ್ದವು. ಗುನಗಾ ಅದನ್ನೂ ಬರೆಸಿದರು. ಬರೆಸಿದ್ದನ್ನು ಯೋಚಿಸಲು ಮಾತ್ರ ಆ ದಿನ ಪುರುಸೊತ್ತಾಗಲಿಲ್ಲ.

ಹೆಗಡೆಯವರ ಹೆಂಡತಿ ಲಕ್ಷ್ಮೀ ಬಾಗಿಲಲ್ಲೇ ನಿಂತು, "ಯಂಗೆ ಎಂತೂ ಗೊತ್ತಿಲ್ಲೆ," ಎಂದು ಒಳಗೆ ಹೋದರು. ಊರಿನವರಿಗೆ ಮಾತ್ರ ಎಲ್ಲ ಗೊತ್ತಿತ್ತು. ಎರಡು ವರ್ಷದ ಹಿಂದೆ ಹಂದಿ ಬೇಟೆಯ ಕೇಸಿನಲ್ಲಿ ಸಿಕ್ಕಿಬಿದ್ದಿದ್ದ ಕೂಲಿಯಾಳು ಬೈರನ ಕಡೆಗೆ ಎಲ್ಲರೂ ಬೆರಳು ತೋರಿಸಿದರು. ಹೆಡ್ ಕಾನ್‌ಸ್ಟೆಬಲ್ ವೀರಪ್ಪ ಸಂಜೆಯೇ ಅವನನ್ನು ಜೀಪಿಗೆ ಹತ್ತಿಸಿದ.

"ಕೋವಿ ಎಲ್ಲಿಟ್ಟೆ?" ಠಾಣೆಯಲ್ಲಿ ಗುನಗಾ ಕೇಳಿದರು.

"ನಂಗೊತ್ತಿಲ್ಲ ಒಡೆಯಾ."

"ಹಂದಿ ಹೊಡೆದವನು ನೀನೇ ಅಲ್ಲವೋ?"

"ಅದು ಉರುಳು ಹಾಕಿದ್ದು ಒಡೆಯಾ. ಕೋವಿ ಹಿಡಿಯೋದು ನಂಗೆ ಬರೂದಿಲ್ಲ."

ಕರೆತಂದದ್ದು ವಿಚಾರಣೆಗೆ, ಆದ್ದರಿಂದ ಬಂಧನವಲ್ಲ. ಬಂಧನವೇ ಅಲ್ಲದ ಮೇಲೆ ಬಿಡುಗಡೆ ಎಂಬ ಮಾತೂ ಬರುವುದಿಲ್ಲ. ಬೈರ ಠಾಣೆಯ ಹಿಂದಿನ ಬೆಂಚಿನಲ್ಲಿ ಕುಳಿತ. ಅವನ ಹೆಂಡತಿ ಚೌಡಮ್ಮ ಗೇಟಿನ ಹೊರಗೆ ಹಲಸಿನ ಮರದ ಕೆಳಗೆ ಕುಳಿತಳು. ಶುಕ್ರವಾರ ಬೆಳಿಗ್ಗೆ ಗುನಗಾ ಬಂದಾಗಲೂ ಇಬ್ಬರೂ ಅಲ್ಲಲ್ಲೇ ಇದ್ದರು. ಅವಳತ್ತ ನೋಡದೆ ಅವರು ಒಳಗೆ ಹೋದರು.

ಆ ದಿನ ವೀರಪ್ಪ ಯಲ್ಲಾಪುರ ತಾಲೂಕಿನ ನಂದೊಳ್ಳಿಗೆ ಹೋದ. ಅಲ್ಲಿ ಯಾರೋ ಕೋವಿ ಮಾರಲು ತಿರುಗುತ್ತಿದ್ದಾನೆಂದು ಸುದ್ದಿ ಬಂದಿತ್ತು. ಹೋಗಿ ನೋಡಿದರೆ ಅದು ಪಂಪ್‌ಸೆಟ್ಟಿನ ತುಂಡು ಪೈಪು. ಸಿದ್ದಾಪುರದಲ್ಲಿ ಕೋವಿ ರಿಪೇರಿ ಮಾಡುವವನನ್ನು ಕೇಳಿದರೆ ಅವನ ಬಳಿಗೂ ಯಾರೂ ಬಂದಿರಲಿಲ್ಲ. ಡೀಸೆಲ್ ಖರ್ಚಾಗಿದ್ದೇ ಬಂತು.

ಮಧ್ಯಾಹ್ನ ಒಂದು ಗಂಟೆಗೆ ಟಿಫಿನ್ ಕ್ಯಾರಿಯರ್ ಹಿಡಿದು ಒಬ್ಬ ಗೇಟಿನೊಳಗೆ ಬಂದ. ಐವತ್ತರ ಆಸುಪಾಸು, ಕತ್ತರಿಸಿದ ಮೀಸೆ, ಸೆಟೆದ ಬೆನ್ನು, ಎರಡೂ ಕಿವಿಯಲ್ಲಿ ಹತ್ತಿ. ಹೆಗಡೆಯವರು ಹೇಳಿದ್ದ ಸಂಗಯ್ಯ ಇವನೇ. ಬನವಾಸಿ ಕಡೆಯ ಜಂಗಮ, ಫಿರಂಗಿ ದಳದಲ್ಲಿ ನಾಯಕ್ ಆಗಿದ್ದು ನಿವೃತ್ತನಾದವನು. ಆರು ವರ್ಷದಿಂದ ಹೆಗಡೆಯವರ ತೋಟದ ಅಂಚಿನ ಮನೆಯಲ್ಲಿದ್ದು ಮಂಗ ಕಾಯುತ್ತಿದ್ದ. ಚುನಾವಣೆ ಬಂದಾಗಲೆಲ್ಲ ಹೆಗಡೆಯವರ ಕೋವಿಯನ್ನು ಠಾಣೆಗೆ ತಂದು ರಿಜಿಸ್ಟರಿನಲ್ಲಿ ಸಹಿ ಹಾಕುತ್ತಿದ್ದವನೂ ಅವನೇ.

"ಯಾರಿಗೆ ಊಟ?" ಗುನಗಾ ಬದಿಯಿಂದ ಕೇಳಿದರು. ಸಂಗಯ್ಯ ತಿರುಗಲಿಲ್ಲ. ಎದುರಿಗೆ ಬಂದು ಮತ್ತೆ ಕೇಳಿದರು.

"ಬೈರಗ್ರಿ. ಅಂವಾ ಮಾಡಿಲ್ರಿ ಸಾಹೇಬ್ರ. ಬಿಟ್ಟ ಬಿಡ್ರಿ."

"ನಿಮಗೆ ಹೇಗೆ ಗೊತ್ತು?"

"ಗೊತ್ತೈತ್ರಿ," ಎಂದವನೇ ಕ್ಯಾರಿಯರನ್ನು ಬೆಂಚಿನ ಮೇಲಿಟ್ಟು, ಬೈರನ ಮುಖ ನೋಡದೆ ಹೊರಟುಹೋದ.

ಆ ನಾಲ್ಕು ಮಾತು ಗುನಗಾರ ತಲೆಯಲ್ಲಿ ಕೂತವು. ಪಂಚನಾಮೆಯನ್ನು ತೆಗೆದು ಈ ಸಲ ನಿಧಾನವಾಗಿ ಓದಿದರು. ಮದ್ದು ಇಲ್ಲದ ಕೋವಿಯಿಂದ ಬೇಟೆಯಾಡುವುದು ಹೇಗೆ? ಮಾರುವವನಾದರೂ ಮದ್ದು, ಕೇಪು ಬಿಟ್ಟು ಹೋಗುತ್ತಾನೆಯೇ? ಕದ್ದವನಿಗೆ ಗುಂಡು ಹಾರಿಸುವುದು ಬೇಕಿರಲಿಲ್ಲ. ಆ ಕೋವಿ ಎಲ್ಲಿಯೂ ಕಾಣದಿದ್ದರೆ ಅವನಿಗೆ ಸಾಕಾಗಿತ್ತು.

ಆಗ ಅವರಿಗೆ ಜನವರಿಯಲ್ಲಿ ಸೇನೆಯ ಪಿಂಚಣಿ ಕಚೇರಿಯಿಂದ ಬಂದ ಪತ್ರವೊಂದು ನೆನಪಾಯಿತು. ಬಾಕಿ ಕಾಗದಗಳ ತಳದಲ್ಲಿ ಅದು ಸಿಕ್ಕಿತು. ಮಾಜಿ ನಾಯಕ್ ಸಂಗಯ್ಯನವರು ಫಿರಂಗಿಯ ಸದ್ದಿನಿಂದ ತಮಗೆ ಕಿವಿಮೊರೆತ ಮತ್ತು ಕಿವುಡು ಬಂದಿದೆಯೆಂದು ಅಂಗವೈಕಲ್ಯ ಪಿಂಚಣಿಗೆ ಮೇಲ್ಮನವಿ ಸಲ್ಲಿಸಿದ್ದಾರೆ. ನಿವೃತ್ತಿಯ ನಂತರ ಅವರು ಬಂದೂಕು ಬಳಸಿದ್ದುಂಟೇ ಎಂದು ಸ್ಥಳೀಯವಾಗಿ ವಿಚಾರಿಸಿ ತಿಳಿಸುವುದು. ಇವತ್ತು ಮಾಡೋಣ, ನಾಳೆ ಮಾಡೋಣ ಎಂದು ಗುನಗಾ ಎರಡು ತಿಂಗಳು ತಳ್ಳಿದ್ದರು.

ಸಂಜೆ ನಂದೊಳ್ಳಿಯಿಂದ ಬಂದ ವೀರಪ್ಪನನ್ನು ಕರೆದರು. "ಈ ಪತ್ರದ ವಿಷಯ ಸಂಗಯ್ಯನಿಗೆ ಗೊತ್ತೇನಯ್ಯ?"

ವೀರಪ್ಪ ಹಾವೇರಿ ಕಡೆಯವನು. ಸಂಗಯ್ಯ ಪೇಟೆಗೆ ಬಂದಾಗಲೆಲ್ಲ ಇಬ್ಬರೂ ಒಟ್ಟಿಗೆ ಚಾ ಕುಡಿಯುವುದು ಎಲ್ಲರಿಗೂ ಗೊತ್ತಿತ್ತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ನಾನ ಹೇಳಿದ್ನಿರಿ ಸರ್. ಹೋದ ವಾರ ಚಾ ಕುಡಿಯೂ ಮುಂದ. ತಮಾಷಿ ಮಾಡಿದ್ನಿ. ಈ ಸಲ ಕೋವಿ ತಂದು ಸಹಿ ಹಾಕಿದಿ ಅಂದ್ರ ನಿನ್ನ ಪಿಂಚಣಿ ಮುಗೀತು ನೋಡಪಾ, ಅಂದೆ. ಅಂವಾ ನಗಲಿಲ್ಲ. ಚಾ ಹಂಗ ಬಿಟ್ಟು ಎದ್ದ ಹೋದ."

ಗುನಗಾ ಬೈಯಲಿಲ್ಲ. ಬೈಯುವುದಾದರೆ ಆ ಪತ್ರವನ್ನು ಎರಡು ತಿಂಗಳು ಅಡಿಯಲ್ಲಿಟ್ಟವರನ್ನು ಮೊದಲು ಬೈಯಬೇಕಿತ್ತು. ಬೈರನನ್ನು ಆಗಲೇ ಬಿಡಬಹುದಿತ್ತು ಎಂಬ ಯೋಚನೆಯೂ ಬಂತು. ಆದರೆ ಕೋವಿ ಕೈಗೆ ಸಿಗಲಿ, ಆಮೇಲೆ ಎಂದುಕೊಂಡರು. ಆ ಒಂದು ರಾತ್ರಿಗಾಗಿ ಅವರು ಮುಂದೆ ಬಹಳ ದಿನ ನಾಚಿಕೊಂಡರು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಸಂಗಯ್ಯನ ಮನೆಗೆ ಹೋದರು. ಅವನು ಹೊಳೆಯ ಕಡೆ ಹೋಗಿದ್ದ. ಹೆಂಡತಿ ದೇವಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು. ಕಟ್ಟೆಯ ಮೇಲೆ ಮುಚ್ಚಿಟ್ಟ ತಟ್ಟೆಯಿತ್ತು, ರೊಟ್ಟಿ ಹಾಗೇ ಒಣಗಿತ್ತು.

"ಊಟ ಮಾಡಲಿಲ್ಲವಾ ಅವರು?" ಗುನಗಾ ಸುಮ್ಮನೆ ಕೇಳಿದರು.

"ಇಲ್ರಿ. ಗುರುವಾರ ಸಂಜಿಂದ ಲಿಂಗಪೂಜಿ ಮಾಡಿಲ್ಲ. ಪೂಜಿ ಇಲ್ದ ತುತ್ತು ಮುಟ್ಟಾವ್ರ ಅಲ್ರಿ ಅವ್ರು. ಮಿಲಿಟ್ರಿಯೊಳಗ ಇದ್ದಾಗೂ ತಪ್ಪಿಸಿದಾವ್ರಲ್ಲ. ಏನಾಗೇತಿ ಅಂದ್ರ ಮಾತಾಡವೊಲ್ರು."

ಗುರುವಾರ ಸಂಜೆ ಎಂದರೆ ಬೈರನನ್ನು ಜೀಪಿಗೆ ಹತ್ತಿಸಿದ ಹೊತ್ತು. ವೀರಪ್ಪ ಅಂಗಳದಲ್ಲೇ ನಿಂತುಬಿಟ್ಟ. ತನ್ನ ಕೊರಳಿನ ಲಿಂಗದ ಮೇಲೆ ಅಂಗಿಯ ಹೊರಗಿನಿಂದಲೇ ಕೈಯಿಟ್ಟು ಮೆಲ್ಲಗೆ ಹೇಳಿದ: "ಸುಳ್ಳು ಇಟ್ಕೊಂಡು ಅಂಗೈ ಮ್ಯಾಲೆ ಲಿಂಗ ಇಟ್ಕೊಳ್ಳಾಕ ಆಗಂಗಿಲ್ರಿ ಸರ್. ಕಣ್ಣಿಗೆ ಕಣ್ಣು ಕೊಟ್ಟು ನೋಡಬೇಕಾಗತೈತಿ."

ಸಂಗಯ್ಯ ಶಾಲ್ಮಲೆಯ ದಂಡೆಯ ಬಂಡೆಯ ಮೇಲೆ ಕುಳಿತಿದ್ದ. ಇವರು ಎದುರಿಗೆ ಬರುವವರೆಗೂ ಅವನಿಗೆ ತಿಳಿಯಲಿಲ್ಲ. ಎದ್ದು ನಿಂತ, ಕೈ ತಾನಾಗಿ ಸೆಲ್ಯೂಟಿಗೆ ಹೋಯಿತು.

"ಕೋವಿ ಎಲ್ಲಿದೆ ಸಂಗಯ್ಯ?"

"ಮಡುವಿನಾಗ ಐತ್ರಿ."

"ಯಾವತ್ತು ಹಾಕಿದ್ದು?"

"ಮಂಗಳವಾರ. ಮೊದಲ ಬೈರನ್ನ ಬಿಡ್ರಿ."

ಅಷ್ಟೇ. ಗುನಗಾ ಮೂವತ್ತು ಪ್ರಶ್ನೆ ಸಿದ್ಧ ಮಾಡಿಕೊಂಡು ಬಂದಿದ್ದರು, ಎಲ್ಲ ಉಳಿದವು.

ಪಂಚರ ಸಮಕ್ಷಮ ಸಂಗಯ್ಯನೇ ಸೊಂಟದವರೆಗೆ ನೀರಿಗಿಳಿದು ಕೋವಿಯನ್ನು ಎತ್ತಿಕೊಟ್ಟ. ಹನ್ನೊಂದು ನಲವತ್ತಕ್ಕೆ ಜಪ್ತಿ ಪಂಚನಾಮೆ ಶುರುವಾಯಿತು. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ಎರಡು ಸುತ್ತು ಸುತ್ತಿ ಹುರಿಯಿಂದ ಬಿಗಿದಿತ್ತು. ಬಿಚ್ಚಿದರೆ ಕೋವಿಗೆ ಮೈತುಂಬ ಗ್ರೀಸು, ನಳಿಗೆಯ ಬಾಯಿಗೆ ಹತ್ತಿ. ಒಂದು ಹನಿ ನೀರು ಒಳಗೆ ಹೋಗಿರಲಿಲ್ಲ. ಗುರುತಿಸಲು ಬಂದಿದ್ದ ದೇವರು ಹೆಗಡೆ ಅದನ್ನು ತಿರುಗಿಸಿ ನೋಡಿ, "ಆನೂ ಇದ್ನ ಇಷ್ಟು ಚೊಲೋ ಇಟ್ಟಿದ್ದಿಲ್ಲೆ," ಎಂದರು. ಆಮೇಲೆ ಗುನಗಾರನ್ನು ಬದಿಗೆ ಕರೆದು, ಕೇಸು ಬೇಡ ಬಿಟ್ಟುಬಿಡಿ ಎಂದು ಕೇಳಿಕೊಂಡರು. ಎಫ್ಐಆರ್ ಆಗಲೇ ಕೋರ್ಟಿಗೆ ಹೋಗಿತ್ತು, ಚುನಾವಣಾ ಕಚೇರಿಗೂ ವರದಿಯಾಗಿತ್ತು. ಗುನಗಾ ಆಗುವುದಿಲ್ಲ ಎಂದು ತಲೆಯಾಡಿಸಿದರು.

ಮಧ್ಯಾಹ್ನ ಎರಡಕ್ಕೆ ಠಾಣೆಯಲ್ಲಿ ಹೇಳಿಕೆ ಬರೆದುಕೊಂಡರು.

"ಪಿಂಚಣಿಗಾಗಿ ಕಿವಿ ಪರೀಕ್ಷೆ ಮಾಡಿದ ಡಾಕ್ಟರು ಏನು ಕೇಳಿದ್ದರು?"

"ರಿಟೈರ್ ಆದ ಮ್ಯಾಲೆ ಬಂದೂಕು ಮುಟ್ಟೀ ಏನು ಅಂತ ಕೇಳಿದ್ರು. ಇಲ್ಲ ಅಂದೆ. ಹೌದು ಅಂದಿದ್ರ, ಮಂಗ್ಯಾ ಹೆದರಿಸಿ ಕಿವಿ ಹಾಳ ಮಾಡ್ಕೊಂಡಾನ ಅಂತ ಬರೀತಿದ್ರು. ಕೋವಿನ ಇಲ್ಲಂದ್ರ ಸಹಿ ಹಾಕೂದೂ ಇಲ್ಲ ಅಂತ ಮಡುವಿಗೆ ಹಾಕಿದೆ, ಹಳೇ ಸಹಿ ಅದಾವ ಅನ್ನೂದು ಆಮ್ಯಾಲೆ ಹೊಳೀತು."

"ಕಿವಿಯ ಸದ್ದು ಶುರುವಾದದ್ದು ಯಾವಾಗ?"

"ಮಿಲಿಟ್ರಿಯೊಳಗ ತೋಪಿನ ಕೆಲಸದಾಗ ಇದ್ದಾಗ್ರಿ. ಆಗ ಹೇಳಲಿಲ್ಲ. ಹೇಳಿದ್ರ ತೋಪು ಬಿಡಿಸಿ ಅಡಗಿ ಮನಿಗೆ ಹಾಕ್ತಾರ ಅಂತ ಸುಮ್ನಿದ್ದೆ. ದಿನಾ ಕೇಳಿದ್ರ ದಿನಾ ಎಲ್ಲಾ ಠೀಕ್ ಅಂದೆ. ಕಾಲು ಹೋಗಿದ್ರ ಕಾಣ್ತಿತ್ರಿ. ಇದು ಯಾರಿಗೂ ಕಾಣಂಗಿಲ್ಲ. ಅಣ್ಣ ತಮ್ಮಂದಿರೂ ನಾಟಕ ಅಂತಾರ. ನನಗ ರೊಕ್ಕಕ್ಕಿಂತ, ಹೌದು, ಇಂವಾ ಹೇಳಿದ್ದು ಖರೆ ಅಂತ ಒಬ್ರು ಅನ್ನಬೇಕಾಗಿತ್ತು."

ದೇವಕ್ಕ ಬಾಗಿಲ ಬಳಿ ನಿಂತಿದ್ದಳು. ಗುನಗಾ ಅವಳನ್ನೂ ಕೂರಿಸಿ ಕೇಳಿದರು. "ಬನವಾಸಿ ಬಿಟ್ಟು ಭೈರುಂಬೆಗೆ ಯಾಕೆ ಬಂದಿರಿ?"

"ಇವ್ರ ಸಲುವಾಗಿ ಬಂದ್ವಿರಿ. ರಜಾಕ್ಕ ಬಂದಾಗೆಲ್ಲ ರಾತ್ರಿ ಎದ್ದು ಕೂಡ್ತಿದ್ರು. ಜೀರುಂಡಿ ಒದರಾಕತ್ತಾವ, ಓಡಸು ಅಂತಿದ್ರು. ನಮ್ಮ ಬಯಲಾಗ ಎಲ್ಲಿ ಜೀರುಂಡಿ ತರ್ಲಿ, ಎಲ್ಲಿಂದ ಓಡಸ್ಲಿ? ರಿಟೈರ್ ಆದ ಮ್ಯಾಲೆ ಒಮ್ಮೆ ಸಹಸ್ರಲಿಂಗಕ್ಕ ಬಂದಿದ್ವಿ. ಇಲ್ಲಿ ಖರೇವಂದ್ರ ಜೀರುಂಡಿ ಒದರತಿದ್ವು, ಹೊಳಿ ಸಪ್ಪಳ ಇತ್ತು. ಬಂಡೆಗಲ್ಲಿನ ಮ್ಯಾಲೆ ಮಲ್ಕೊಂಡವ್ರು ಹೊತ್ತು ಮುಳುಗೂ ತನಕ ಏಳಲಿಲ್ಲ. ಹೊರಗಿನ ಸಪ್ಪಳದಾಗ ಒಳಗಿನದು ಮುಚ್ಚಿ ಹೋಗತೈತಿ ಅಂದ್ರು. ಅದಕ್ಕ ಇಲ್ಲೇ ಕೆಲಸ ಹುಡುಕಿದ್ರು. ಸಿಕ್ಕಿದ್ದು ಮಂಗ್ಯಾ ಕಾಯೂ ಕೆಲಸ."

ಗುನಗಾ ಬರೆಯುವುದನ್ನು ನಿಲ್ಲಿಸಿದರು. ಕಿವಿಯ ಸದ್ದು ಮೊದಲು, ಹೆಗಡೆಯವರ ಕೋವಿ ಆಮೇಲೆ. ಆ ಸದ್ದು ಇಲ್ಲದಿದ್ದರೆ ಇವನು ಈ ಊರಿಗೇ ಬರುತ್ತಿರಲಿಲ್ಲ.

"ಇದನ್ನು ಡಾಕ್ಟರಿಗೆ ಯಾಕೆ ಹೇಳಲಿಲ್ಲ?"

ಸಂಗಯ್ಯ ಕಿವಿಯ ಹತ್ತಿಯನ್ನು ಒತ್ತಿಕೊಂಡ. "ಮೊದಲ ಸುಳ್ಳ ಹೇಳಿಬಿಟ್ಟಿದ್ನೆಲ್ರಿ. ಆಮ್ಯಾಲೆ ಖರೆ ಹೇಳೂ ಧೈರ್ಯ ಬರಲಿಲ್ಲ. ಆರು ವರ್ಷ ಈಡು ಹಾರಿಸೇನಿ, ಈಗ ಯಾವುದು ಎಷ್ಟು ಕೆಡಿಸೇತಿ ಅಂತ ನನಗೂ ಗೊತ್ತಾಗವಲ್ದು. ಸುಳ್ಳಗಾರ ಅಂದ್ರ ಹೌದು ಅನಸ್ತೈತಿ."

ಮೂರೂಕಾಲಿಗೆ ಬಂಧನ ದಾಖಲಾಯಿತು. ಕೋವಿಯನ್ನು ಹಣಕ್ಕಾಗಿ ಕದ್ದದ್ದಲ್ಲ, ಯಾರನ್ನೂ ಕೊಲ್ಲಲು ಕದ್ದದ್ದಲ್ಲ. ನಿಜವಾದ ನೋವೊಂದು ನಂಬಿಕೆಗೆ ಸಾಲದು ಎಂಬ ಭಯಕ್ಕೆ ಒಬ್ಬ ಪ್ರಾಮಾಣಿಕ ಮನುಷ್ಯ ಕಳ್ಳನಾಗಿದ್ದ. ಇಂಥದ್ದನ್ನು ಬರೆಯಲು ಕೇಸ್ ಡೈರಿಯಲ್ಲಿ ಜಾಗವಿರುವುದಿಲ್ಲ. ಗುನಗಾ ಜನವರಿಯ ಪತ್ರಕ್ಕೆ ಅಂದೇ ಉತ್ತರ ಬರೆದರು. ಬಂದೂಕು ಬಳಸಿದ್ದು ಹೌದು ಎಂದು ಬರೆದರು, ದೇವಕ್ಕನ ಹೇಳಿಕೆಯನ್ನೂ ಲಗತ್ತಿಸಿದರು. ಕಳ್ಳತನದ ಆರೋಪಿಯ ಹೆಂಡತಿಯ ಮಾತಿಗೆ ಎಷ್ಟು ಬೆಲೆ ಸಿಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಇದನ್ನೇ ಜನವರಿಯಲ್ಲಿ ಹೋಗಿ ಕೇಳಿದ್ದರೆ ಅದು ಒಬ್ಬ ಸೈನಿಕನ ಹೆಂಡತಿಯ ಮಾತಾಗಿರುತ್ತಿತ್ತು. ಆ ಅಪರಾಧಕ್ಕೆ ಯಾವ ಕಲಮೂ ಇಲ್ಲ.

ಬೈರನನ್ನು ಅವರೇ ಗೇಟಿನವರೆಗೆ ಬಿಟ್ಟು ಬಂದರು. ತಪ್ಪಾಯಿತು ಎನ್ನಬೇಕೆಂದಿತ್ತು, ಗೇಟು ತೆಗೆದುಕೊಟ್ಟದ್ದಷ್ಟೇ ಆಯಿತು. ಚೌಡಮ್ಮ ಒಳಗೆ ಬಂದು ತೊಳೆದ ಟಿಫಿನ್ ಕ್ಯಾರಿಯರನ್ನು ದೇವಕ್ಕನ ಕೈಗೆ ಕೊಟ್ಟು ಹೋದಳು.

ಭಾನುವಾರ ನ್ಯಾಯಾಧೀಶರ ಮನೆಗೆ ಹಾಜರುಪಡಿಸಬೇಕಿತ್ತು. ಅಲ್ಲಿಯವರೆಗೆ ಲಾಕಪ್ಪು. ದೀಪ ಹಚ್ಚುವ ಹೊತ್ತಿಗೆ ವೀರಪ್ಪ ಒಂದು ತಂಬಿಗೆ ನೀರು, ಎರಡು ಹೂವು ತಂದು ಸರಳುಗಳ ಒಳಗೆ ಸರಿಸಿದ. ಸಂಗಯ್ಯ ಗೋಡೆಯ ಕಡೆ ತಿರುಗಿ, ಕೊರಳಿನ ಕರಡಿಗೆ ಬಿಚ್ಚಿ ಒಳಗಿನ ಲಿಂಗವನ್ನು ಎಡಗೈಯ ಮೇಲಿಟ್ಟುಕೊಂಡು ಬಹಳ ಹೊತ್ತು ಕುಳಿತ. ಆಮೇಲೆ ದೇವಕ್ಕ ತಂದ ರೊಟ್ಟಿಯನ್ನು ತಿಂದ.

ಗುನಗಾ ಮನೆಗೆ ಹೊರಟಾಗ ಅವನು ಸರಳಿನ ಹತ್ತಿರ ಬಂದ.

"ಸಾಹೇಬ್ರ, ಒಂದ ಮಾತು. ಇಲ್ಲಿ ಭಾಳ ನಿಶ್ಶಬ್ದ ಐತ್ರಿ."

ಗುನಗಾರಿಗೆ ಅರ್ಥವಾಯಿತು. ಮೇಜಿನ ಮೇಲಿನ ವೈರ್‌ಲೆಸ್ ಸೆಟ್ಟು ಯಾರ ಮಾತೂ ಇಲ್ಲದೆ ಸಣ್ಣಗೆ ಸುಂಯ್‌ಗುಡುತ್ತಿತ್ತು. ಅದನ್ನು ಎತ್ತಿ ತಂದು, ತಂತಿ ನಿಲುಕುವಷ್ಟು ದೂರ ಲಾಕಪ್ಪಿನ ಕಡೆಗೆ ಸರಿಸಿ, ಸದ್ದನ್ನು ಪೂರ್ತಿ ಏರಿಸಿದರು. ಠಾಣೆಯ ತುಂಬ ಜೀರುಂಡೆ ಕೂಗಿದ ಹಾಗಾಯಿತು. ಸಂಗಯ್ಯ ಕಿವಿಯ ಹತ್ತಿ ತೆಗೆದು, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ. ಸೆಂಟ್ರಿಯ ಪೇದೆ ಕಿವಿ ಮುಚ್ಚಿಕೊಂಡು, ಇದನ್ನು ಎಷ್ಟು ಹೊತ್ತು ಇಡಬೇಕು ಸರ್ ಎಂದು ಕೇಳಿದ.

"ಬೆಳಗಾಗುವವರೆಗೆ," ಎಂದರು ಗುನಗಾ.