ಒದ್ದೆ ಪರದೆಯ ಆಚೆ

"ಸ್ವಲ್ಪ ಸುಮ್ಮನಿರ್ರಿ. ನಮಗ ನೋಡ್ಲಿಕ್ಕೆ ಬಿಡ್ರಿ."

ಹೆಣ್ಣಿನ ಧ್ವನಿ. ಅದೂ ಪರದೆಯ ಆಚೆಯಿಂದ!

ಡೇರೆಯಲ್ಲಿ ಕುಳಿತಿದ್ದ ಗಂಡಸರೆಲ್ಲ ಒಂದು ಗಳಿಗೆ ಬೆರಗಾದರು. ಆಮೇಲೆ ಗೊಳ್ಳೆಂದು ನಕ್ಕರು. ಪರದೆಯ ಪಕ್ಕದಲ್ಲಿ ನಿಂತು ಇಂಗ್ಲಿಷ್ ಚಿತ್ರದ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದ ಪ್ರಹ್ಲಾದ ಮಾಸ್ತರನ ಮಾತು ಅರ್ಧಕ್ಕೆ ನಿಂತಿತು.

"ಬಾಯಾರ, ಅಲ್ಲಿ ಏನೂ ಆಗ್ಲಿಕ್ಕತ್ತಿಲ್ಲ. ಕುದುರಿ ಹೊಂಟದ, ಅಷ್ಟ. ಮಂದಿಗೆ ಬ್ಯಾಸರ ಆಗಬಾರದು ಅಂತ ಮಾತಾಡ್ಲಿಕ್ಕತ್ತೇನಿ."

"ಭಾಳ ಆಗ್ಲಿಕ್ಕತ್ತದ. ನಿಮ್ಮ ಮಾತಿನ ಗದ್ದಲದಾಗ ಅದು ನಿಮಗ ಕಾಣವಲ್ದು."

ಈ ಸಲ ಗಂಡಸರು ಮಾಸ್ತರನನ್ನು ನೋಡಿ ನಕ್ಕರು. ಅವನು ತುಟಿ ಕಚ್ಚಿಕೊಂಡ. ಆದರೆ ಸುಮ್ಮನಾದ.

ಸಾವಿರದ ಒಂಬೈನೂರ ನಲವತ್ತೊಂದನೆಯ ಇಸವಿಯ ಮಾತು. ಸಿರಾಜುದ್ದೀನ ಸಾಹೇಬರ ಸಿನೇಮಾ ಡೇರೆ ಸವಣೂರಿನ ಬಯಲಿನಲ್ಲಿ ಬಿಡಾರ ಹೂಡಿತ್ತು. ಅಂದು ಒಂದು ಪುರಾಣದ ಚಿತ್ರ ತೋರಿಸುವುದಾಗಿ ಡಂಗುರ ಹೊಡೆಸಿದ್ದರು. ಯಲವಿಗಿ ಸ್ಟೇಷನ್ನಿಗೆ ರೀಲಿನ ಪೆಟ್ಟಿಗೆ ಬರಲಿಲ್ಲ. ನೆರೆದ ಜನರನ್ನು ಹಿಂದಕ್ಕೆ ಕಳಿಸುವುದು ಹೇಗೆ? ಕೈಯಲ್ಲಿದ್ದ ಇಂಗ್ಲಿಷ್ ಕುದುರೆ ಚಿತ್ರವನ್ನೇ ಹಚ್ಚಿಬಿಟ್ಟರು.

ಡೇರೆಯ ನಡುವೆ ಬಿಳಿ ಬಟ್ಟೆಯ ಪರದೆ. ಈಚೆ ಗಂಡಸರು, ಆಚೆ ಹೆಂಗಸರು. ಬಟ್ಟೆಯ ಮೇಲೆ ಕೊಡಗಟ್ಟಲೆ ನೀರು ಸುರಿದು ಒದ್ದೆ ಮಾಡಿದರೆ ಬೆಳಕು ಅದರೊಳಗಿಂದ ಹಾಯ್ದು ಆಚೆಯವರಿಗೂ ಚಿತ್ರ ಕಾಣುತ್ತಿತ್ತು.

ಆಚೆಯ ಚಾಪೆಯ ಮೇಲೆ ಜಪಮಾಲೆ ಹಿಡಿದು ಕುಳಿತವರು ಗೋಪಿಕಾಬಾಯಿ. ದೇವರನ್ನು ನೋಡಲು ಬಂದು ಕುದುರೆಯನ್ನು ನೋಡುತ್ತಿದ್ದರು. ಅವರ ಪಕ್ಕದಲ್ಲಿ, ಆಗ ಧ್ವನಿ ಎತ್ತಿದ್ದವಳು ಅವರ ತಮ್ಮನ ಮಗಳು ಯಮುನಾ.

"ನಿನ್ನ ಬಾಯಿಗೆ ಏನು ಬಡದದ?" ಎಂದು ಅತ್ತೆ ಪಿಸುಗುಟ್ಟಿದರು. ಮರುಕ್ಷಣವೇ, "ಛಲೋ ಆತು ಬಿಡು. ಭಾಳ ಒದರ್ತಿದ್ದಾ," ಎಂದರು.

ಯಮುನಾಳ ಕಣ್ಣು ಪರದೆಯನ್ನು ಬಿಟ್ಟು ಕದಲಲಿಲ್ಲ.

ವಿಶಾಲವಾದ ಬಯಲು. ಮುಕ್ಕಾಲು ಪಾಲು ಆಕಾಶವೇ. ದೂರದಲ್ಲಿ ಒಂದು ಚುಕ್ಕೆ... ಆ ಚುಕ್ಕೆ ಕುದುರೆಯಾಗಿ, ಕುದುರೆಯ ಮೇಲೊಬ್ಬ ಮನುಷ್ಯನಾಗುವವರೆಗೂ ಚಿತ್ರ ತೆಗೆದವನು ಅವಸರ ಮಾಡಿರಲಿಲ್ಲ. ಆ ಮನುಷ್ಯ ಗಂಡ ಸತ್ತ ಒಬ್ಬ ಹೆಣ್ಣಿನ ಮನೆಯ ಮುಂದೆ ಬಾವಿ ತೋಡುತ್ತಾನೆ. ನೀರು ಬಿದ್ದಾಗ ಮೊದಲು ಕುದುರೆಗೆ ಕುಡಿಸಿ, ಒಂದು ತಗಡಿನ ಲೋಟ ತುಂಬಿ ಆಕೆಯ ಮುಂದೆ ಚಾಚುತ್ತಾನೆ. ಆಕೆ ಯಾರನ್ನೂ ನಂಬದವಳು. ಕೈ ಮುಂದೆ ಬರುವುದಿಲ್ಲ. ಅವನು ಕಾಯುತ್ತಾನೆ... ಬಾವಿಕಟ್ಟೆಯ ನೆರಳು ಅವನ ಕಾಲಿನವರೆಗೂ ಸರಿದು ಬರುತ್ತದೆ. ಆಗಲೂ ಕಾಯುತ್ತಾನೆ.

ಅವನು ಲೋಟ ಹಿಡಿದದ್ದು ಎಡಗೈಯಲ್ಲಿ!

ಯಮುನಾಳ ಎದೆ ತುಂಬಿ ಬಂತು. ಸೆರಗಿನೊಳಗೆ ಬಚ್ಚಿಟ್ಟಿದ್ದ ತನ್ನ ಎಡಗೈಯನ್ನು ಬಲಗೈಯಿಂದ ಮುಟ್ಟಿ ನೋಡಿಕೊಂಡಳು.

ಹುಟ್ಟಿನಿಂದ ಅವಳಿಗೆ ಎಡಗೈಯೇ ಮುಂದು. ಅವ್ವ ಬದುಕಿರುವ ತನಕ ಯಾರೂ ಅವಳನ್ನು ಅಂದಿರಲಿಲ್ಲ. ಅವ್ವ ಹೋದ ಮೇಲೆ ಮನೆಗೆ ನೆಂಟರು ಬಂದಾಗಲೆಲ್ಲ ಎಡಗೈಗೆ ಸೆರಗು ಸುತ್ತಿಕೊಂಡು ಬಡಿಸುವುದು ರೂಢಿಯಾಯಿತು. ಹಿಂದೊಮ್ಮೆ ನೋಡಲು ಬಂದವರ ಎಲೆಗೆ ಮರೆತು ಎಡಗೈಯಿಂದ ತುಪ್ಪ ಬಡಿಸಿದ್ದಳು. ಅವರು ಊಟ ಬಿಟ್ಟು ಎದ್ದಿದ್ದರು. ಅಪ್ಪನ ಮುಖ ಅಂದು ಬಾಡಿದ್ದು ಇನ್ನೂ ಕಣ್ಣ ಮುಂದಿದೆ.

'ನನ್ನಂಥವನೊಬ್ಬ ಇದ್ದಾನೆ... ಅವನು ಕೊಟ್ಟ ನೀರನ್ನು ಆಕೆ ಕುಡಿದಳು.' ಮನೆಗೆ ನಡೆಯುತ್ತ ಅವಳಿಗೆ ನೆಲದ ಮೇಲೆ ಕಾಲಿಟ್ಟಂತೆಯೇ ಇರಲಿಲ್ಲ.

ಊರಲ್ಲಿ ಮಾತ್ರ ಜಗಳ ಹತ್ತಿತ್ತು. "ಅಂವಾ ಬಂದೂಕು ತಗಿಯೂದ್ರಾಗ ನನಗೊಂದು ನಿದ್ದಿ ಆತು," ಎಂದು ಗಂಡಸರು ಬಯ್ದರು. "ಆ ಮುಗಿಲು ನೋಡೀರೇನು? ನಮ್ಮ ಹತ್ತಿಮತ್ತೂರ ಹೊಲದ ಮ್ಯಾಲೆ ಸಂಜೀಕ ಬರೂ ಮುಗಿಲು ಇದ್ದಂಗ ಇತ್ತು," ಎಂದು ಹೆಂಗಸರು ನೆನೆದರು.

ಶುಕ್ರವಾರ ಯಮುನಾಳನ್ನು ನೋಡಲು ಹಾನಗಲ್ಲಿನ ಮನೆತನದವರು ಬಂದರು. ವರನು ಇಲ್ಲಿಯೇ ಇಂಗ್ಲಿಷ್ ಶಾಲೆಯಲ್ಲಿ ಮಾಸ್ತರನೆಂದು ಅಪ್ಪ ಹೇಳಿದ್ದರು. ಅಡಿಗೆಮನೆಯಲ್ಲಿ ನೀರಿನ ತಂಬಿಗೆ ತುಂಬುತ್ತಿದ್ದ ಅವಳಿಗೆ ಪಡಸಾಲೆಯ ಮಾತು ಕೇಳಿತು. ಕೈ ನಿಂತಿತು.

ಆ ಧ್ವನಿ! ಡೇರೆಯ ಧ್ವನಿ!

ಎದೆ ಹೊಡೆದುಕೊಂಡಿತು. ನಗುವೂ ಬಂತು. 'ಸುಮ್ಮನಿರು ಅಂದವಳು ನಾನೇ ಅಂತ ತಿಳಿದರೆ ಏನೆಂದಾನು...'

"ನಮ್ಮ ಅಕ್ಕಗ ಆ ಚಿತ್ರ ಭಾಳ ಮನಸಿಗೆ ಬಂದದ," ಎನ್ನುತ್ತಿದ್ದರು ಅವಳ ತಂದೆ ರಾಘಣ್ಣನವರು. ಅವರು ಮಠದಲ್ಲಿ ಪುರಾಣ ಹೇಳುವವರು.

"ಯಾಕ ಬರಬಾರದು? ಕುದುರಿಗೆ ಕುಡಿಸಿ ಆಮ್ಯಾಲೆ ಆಕಿಗೆ ಕೊಟ್ಟಾ," ಎಂದರು ಗೋಪಿಕಾಬಾಯಿ. "ಒಂದ ತಕರಾರು. ಎಲ್ಲಾ ಎಡಗೈಲೆ ಮಾಡ್ತಾನ."

ಪ್ರಹ್ಲಾದ ನಕ್ಕ. "ಇಲ್ರೀ, ಅವ ಬಲಗೈಯವನ. ನೀವು ಪರದೆ ಹಿಂದ ಕೂತಿದ್ರಿ. ಅಲ್ಲಿಂದ ಬಲ ಎಡ ಆಗ್ತದ, ಎಡ ಬಲ. ಪಾಪ, ಆ ಮನಶ್ಯಾಗ ಇಲ್ಲದ ದೋಷ ಹಚ್ಚಿಬಿಟ್ರಿ."

ದೋಷ!

ಗೋಪಿಕಾಬಾಯಿಯ ಜಪಮಾಲೆ ನಿಂತಿತು. ರಾಘಣ್ಣನವರು ನೆಲ ನೋಡಿದರು.

ಅಡಿಗೆಮನೆಯಲ್ಲಿ ಯಮುನಾ ತಂಬಿಗೆಯನ್ನು ಕೆಳಗಿಟ್ಟಳು. ಅವಳಂಥವರು ಯಾರೂ ಇರಲಿಲ್ಲ. ಅವಳ ಪಾಲಿಗೆ ಸಿಕ್ಕಿದ್ದ ಒಬ್ಬನೇ ಒಬ್ಬ, ಒದ್ದೆ ಬಟ್ಟೆಯ ಮೇಲಿನ ತಿರುಗಿದ ನೆರಳು! ಅದನ್ನು ಕಸಿದುಕೊಂಡವನು ನಗುತ್ತಲೂ ಇದ್ದಾನೆ.

ಅವಳು ಎಡಗೈಗೆ ಸುತ್ತಿದ್ದ ಸೆರಗನ್ನು ಬಿಚ್ಚಿದಳು. ಪಡಸಾಲೆಗೆ ಬಂದು, ಆ ಕೈಯಿಂದಲೇ ನೀರಿನ ತಂಬಿಗೆಯನ್ನು ಅವನ ಮುಂದಿಟ್ಟಳು.

"ದೋಷ ನೋಡ್ಲಿಕ್ಕೆ ಹಿಂದ ಕೂಡೂದು ಬ್ಯಾಡ್ರಿ. ಮುಂದ ನಿಂತೇನಿ."

ಪ್ರಹ್ಲಾದ ಬೆಚ್ಚಿ ತಲೆಯೆತ್ತಿದ. ಧ್ವನಿಯ ಗುರುತು ಹತ್ತಿತು. ಅವಳ ಕೈ ಕಂಡ. ತಾನಾಡಿದ ಮಾತು ಯಾರಿಗೆ ತಾಗಿತೆಂದು ತಿಳಿಯಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಒಳಗೆ ಹೋಗಿದ್ದಳು. ಅವನ ತಾಯಿ ತಂಬಿಗೆಯನ್ನು ಮುಟ್ಟದೆ ಎದ್ದರು.

ಅಂದು ದೇವರ ಮನೆಯಲ್ಲಿ ಯಮುನಾ ಬಹಳ ಹೊತ್ತು ಕುಳಿತಿದ್ದಳು. 'ಅವ್ವಾ, ನೀನಿದ್ದಿದ್ದರೆ ಈ ಕೈ ಹಿಡಿದುಕೊಳ್ಳುತ್ತಿದ್ದೆ...' ದೀಪ ಸಣ್ಣಗೆ ಉರಿಯುತ್ತಿತ್ತು. ಬತ್ತಿಯನ್ನು ಸರಿಮಾಡಲೂ ಮುಂದೆ ಹೋದದ್ದು ಅದೇ ಕೈ. ಅವಳು ಅಳುತ್ತಲೇ ನಕ್ಕಳು.

ಕೆಲವು ದಿನಗಳ ಮೇಲೆ ಖತೀಜಾಬಿ ವೀಳ್ಯದೆಲೆಯ ಬುಟ್ಟಿ ಹೊತ್ತು ಬಾಗಿಲಿಗೆ ಬಂದಳು. ಹಗಲು ಮನೆಮನೆಗೆ ಎಲೆ ಮಾರುವವಳು, ಸಂಜೆ ಡೇರೆಯಲ್ಲಿ ಹೆಂಗಸರ ಬಾಗಿಲು ಕಾಯುವವಳು.

"ಬಾಯಾರ, ನಿಮ್ಮ ಮಾಸ್ತರಗ ಹುಚ್ಚು ಹಿಡದೈತಿ."

"ನಮ್ಮ ಮಾಸ್ತರ ಅಲ್ಲ," ಎಂದಳು ಯಮುನಾ.

"ಯಾರ ಮಾಸ್ತರರ ಆಗ್ಲಿ. ನಿನ್ನಿ ಬಂದು, 'ಖತೀಜಾಬಿ, ಆಚೆ ಕುಂತು ನೋಡ್ಬೇಕು' ಅಂದಾ. ಹೆಂಗಸರ ಜಾಗಾದಾಗ ಗಂಡಸರ್ನ ಹೆಂಗ ಬಿಡ್ಲಿ? ಕಾಲು ಬೀಳೂದೊಂದು ಬಾಕಿ. ಕಡೀಕ ನನ್ನ ಕಂಬಳಿ ಹೊದ್ದು ಮೂಲ್ಯಾಗ ಕುಂತಾ. ನೀರು ಕೊಡೂ ಹೊತ್ತಿನ್ಯಾಗ ಕಂಬಳಿ ಒಗದು ಎದ್ದು ನಿಂತಾ ನೋಡ್ರಿ... ಹೆಂಗಸರೆಲ್ಲ ಚೀರಿಬಿಟ್ರು!"

ಯಮುನಾ ನಗು ತಡೆದುಕೊಂಡಳು. "ಆಮ್ಯಾಲೆ?"

"ಕಥಿ ಹೇಳವರಿಲ್ಲ ಅಂತ ಗಂಡಸರು ಗದ್ದಲ ಮಾಡಿದ್ರು. ಬ್ಯಾಸರದ ಭಾಗ ಅಂತ ಆ ನೀರಿನ ರೀಲ ತಗದ್ಬಿಡ್ತೇನಿ ಅಂದ್ರು ನಮ್ಮ ಸಾಹೇಬ್ರು. ಅದು ಹ್ವಾದ್ರ ನಾನೂ ಹೋಗ್ತೇನಿ ಅಂದಾ ಮಾಸ್ತರ. ಇವತ್ತ ಕಡೀ ಆಟ. ನಾಳೆ ಡೇರೆ ಹಿರೇಕೆರೂರಿಗೆ ಹೊಂಟೈತಿ."

"ನನ್ನ ಸುದ್ದಿ... ಏನರ ಅಂದ್ರೇನು?"

ಖತೀಜಾಬಿ ಬುಟ್ಟಿ ಇಳಿಸಿ ಕುಳಿತಳು. "ಅಂದಾ. 'ಅವರ ಕೈ ಸುದ್ದಿ ನನಗ ಗೊತ್ತಿರ್ಲಿಲ್ಲ ಖತೀಜಾಬಿ. ಆದ್ರ ಗೊತ್ತಿಲ್ಲದವರ ಮ್ಯಾಲೂ ಅಂಥಾ ಶಬ್ದ ಆಡಬಾರದಿತ್ತು. ಆ ಹಿಂದಿನ ಚಾಪಿ ಮ್ಯಾಲೆ ಕುಂತ ಮ್ಯಾಲೆ ತಿಳೀತು' ಅಂದಾ."

ಯಮುನಾ ಬುಟ್ಟಿಯಿಂದ ಎಲೆ ಆರಿಸತೊಡಗಿದಳು. ಒಳಗೆ ಕಲ್ಲಾಗಿದ್ದದ್ದೇನೋ ಮೆತ್ತಗಾಯಿತು.

ಸಂಜೆ ಗೋಪಿಕಾಬಾಯಿ ಸೀರೆ ಬದಲಿಸಿ ಹೊರಟು ನಿಂತರು. "ನಡಿ, ಆ ನೀರು ಕೊಡೂದು ಇನ್ನೊಮ್ಮೆ ನೋಡ್ಬೇಕು."

"ಇನ್ನೂ ಮಂದಿ ಬಾಯಿಗೆ ಬೀಳ್ಬೇಕೇನು ಅಕ್ಕಾ?" ಎಂದರು ರಾಘಣ್ಣನವರು ನೊಂದು. "ಎಡಗೈ ಹುಡುಗಿ ಅಂತ ಊರೆಲ್ಲ ಆಡ್ತದ."

"ರಾಘೂ, ದಿನಾ ಪುರಾಣ ಹೇಳ್ತಿ. ನಮ್ಮ ಸ್ವಾಮಿ ಶಂಖ ಹಿಡಿದದ್ದು ಯಾವ ಕೈಲೆ, ಹೇಳು ನೋಡೂಣು."

ರಾಘಣ್ಣನವರು ದೇವರ ಮನೆಯ ಕಡೆ ನೋಡಿದರು. ಎಡಗೈಯಲ್ಲಿ ಶಂಖ ಹಿಡಿದು ನಿಂತಿದ್ದ ಹಿತ್ತಾಳೆಯ ಮೂರ್ತಿಯನ್ನು ಅವರು ದಿನವೂ ತೊಳೆದು ಒರೆಸುತ್ತಿದ್ದರು. ಉತ್ತರೀಯ ಹೊದ್ದು ಅವರೂ ಹೊರಟರು.

ಡೇರೆ ತುಂಬಿತ್ತು. ಪ್ರಹ್ಲಾದ ಈಚೆ ನಿಂತು ಕಥೆ ಹೇಳುತ್ತಿದ್ದ. ಬಾವಿಯಲ್ಲಿ ನೀರು ಬಿದ್ದಿತು. ಗಂಡಸರ ಕಡೆಯಿಂದ ಸಿಳ್ಳು ಕೇಳಿತು. "ಮುಂದ ಓಡಸ್ರಿ! ಬಂದೂಕು ತೋರಸ್ರಿ!"

ಆಗ ಪ್ರಹ್ಲಾದನ ಧ್ವನಿ ಬಂತು.

"ಈ ಭಾಗ ನನಗ ಹೇಳ್ಲಿಕ್ಕೆ ಬರೂದಿಲ್ಲ. ಬರ್ತದಂತ ತಿಳಕೊಂಡು ಆವತ್ತು ಗದ್ದಲ ಮಾಡಿದೆ. ಇದನ್ನ ಖರೇ ನೋಡಿದವರು ಪರದೆ ಆಚೆ ಇದ್ದಾರ. ಅವರು ದೊಡ್ಡ ಮನಸು ಮಾಡಿ ಹೇಳಿದ್ರ, ನಾನೂ ಕೇಳ್ತೇನಿ."

ಯಂತ್ರದ ಕಟಕಟ ಒಂದೇ ಕೇಳುತ್ತಿತ್ತು.

ಯಮುನಾ ಸೆರಗಿನೊಳಗಿನ ಕೈಯನ್ನು ನೋಡಿಕೊಂಡಳು. ಪರದೆಯ ಆ ಬದಿಗೆ ಊರಿನ ಗಂಡಸರೆಲ್ಲ ಇದ್ದಾರೆ. ಅಪ್ಪ ಇದ್ದಾರೆ. ಈಗ ಕೈ ಬಚ್ಚಿಟ್ಟರೆ ಜೀವಮಾನವೆಲ್ಲ ಬಚ್ಚಿಡಬೇಕು. ಅತ್ತೆ ಅವಳ ಬೆನ್ನ ಮೇಲೆ ಅಂಗೈ ಇಟ್ಟರು.

ಅವಳು ಎದ್ದು ನಿಂತಳು.

"ಆಕಿ ಕೈ ನೋಡ್ರಿ," ಎಂದಳು. ಮೊದಲ ಮಾತು ನಡುಗಿತು. ಮುಂದಿನದು ನಡುಗಲಿಲ್ಲ. "ಸೆರಗಿನಂಥಾ ಅರಿವಿಯೊಳಗ ಮುಚ್ಚಿಟ್ಟಾಳ. ಯಾರ ಕಡಿಂದನೂ ಏನೂ ತಗೋಬಾರದು ಅಂತ ಆಕಿ ನಿಶ್ಚಯ. ಅಂವಾ ತಗೋ ಅನ್ನೂದಿಲ್ಲ. ಲೋಟ ಹಿಡಕೊಂಡು ನಿಂತಾನ. ನೆರಳು ನೋಡ್ರಿ, ಎಲ್ಲಿತ್ತು, ಎಲ್ಲಿಗೆ ಬಂತು... ಅಷ್ಟು ಹೊತ್ತಾತು. ತೋಳು ಸೋತದ, ಆದ್ರೂ ಇಳಸೂದಿಲ್ಲ. ಅವಸರ ಮಾಡಿದ್ರ ಆಕಿ ಒಳಗ ಹೋಗಿ ಬಾಗಿಲಾ ಹಾಕ್ಕೋತಾಳ, ಅದು ಅವಗ ಗೊತ್ತದ. ಈಗ... ಈಗ ಆಕಿ ಬೆರಳು ಹೊರಗ ಬಂತು. ತಗೊಂಡ್ಲು. ಎಡಗೈಲೆ ಕೊಟ್ಟಾ, ತಗೊಂಡ್ಲು."

"ಬಲಗೈಲೆ," ಎಂದು ಗಂಡಸರ ಕಡೆಯಿಂದ ಯಾರೋ ಕೂಗಿದರು.

"ಯಾವ ಕೈಲೆ ಆದ್ರೇನು?" ಎಂದು ಗೋಪಿಕಾಬಾಯಿ ಕುಳಿತಲ್ಲಿಂದಲೇ ಗದರಿದರು. "ಒಂದು ಹನಿ ಚೆಲ್ಲಿದನೇನು?"

ನಗು ಎದ್ದಿತು. ಆ ನಗುವಿನಲ್ಲಿ ಚುಚ್ಚು ಇರಲಿಲ್ಲ. ಅದರ ಹಿಂದೆಯೇ ಚಪ್ಪಾಳೆ! ಮೊದಲು ತಟ್ಟಿದವರು ತನ್ನ ತಂದೆಯೆಂದು ಯಮುನಾಳಿಗೆ ಆಮೇಲೆ ತಿಳಿಯಿತು. ಚಿತ್ರ ಮುಗಿದಾಗ, ನಿದ್ದೆ ಬಂತೆಂದು ಬಯ್ದವರೇ ಆ ನೀರಿನ ಭಾಗವನ್ನು ಮತ್ತೊಮ್ಮೆ ಹಚ್ಚಿರೆಂದು ಸಿರಾಜುದ್ದೀನ ಸಾಹೇಬರಿಗೆ ಗಂಟುಬಿದ್ದರು.

ಮರುದಿನ ಪ್ರಹ್ಲಾದ ತಾಯಿಯನ್ನು ಕರೆದುಕೊಂಡು ಬಂದ.

"ತಪ್ಪು ನಮ್ಮದ ರಾಘಣ್ಣನವರ," ಎಂದರು ಆ ತಾಯಿ ಸಂಕೋಚದಿಂದ. "ಈತ ನನ್ನ ಕೂಡ ಮಾತು ಬಿಟ್ಟು ಕೂತಾನ. ಸಾಲ್ಯಾಗ ಎಡಗೈಲೆ ಬರೀಲಿಕ್ಕತ್ತಾನಂತ. ಕಾಗಿ ಕಾಲು ಗುಬ್ಬಿ ಕಾಲು! ಹುಡುಗರು ನಕ್ಕು ನಕ್ಕು ಸಾಕಾಗ್ಯಾರ. ನಿಮ್ಮ ಮಗಳನ್ನ ನಮ್ಮನಿಗೆ ಕೊಡ್ರಿ. ಆವತ್ತು ಮುಟ್ಟದ ಬಿಟ್ಟು ಹೋದ ನೀರು ಇವತ್ತು ಕುಡದ ಹೋಗ್ತೇನಿ."

ರಾಘಣ್ಣನವರು ಕಣ್ಣೊರೆಸಿಕೊಂಡು ಮಗಳ ಕಡೆ ತಿರುಗಿದರು. "ನೀ ಹೇಳವಾ. ನಿನ್ನ ಮಾತು."

ಯಮುನಾ ಒಳಗೆ ಹೋಗಿ ನೀರು ತಂದಳು. ಹಿರಿಯರು ಕುಡಿದು, ದೇವರಿಗೆ ಕೈಮುಗಿಯಲು ಎದ್ದು ಹೋದರು. ಅವನ ಲೋಟ ಮಾತ್ರ ಅವಳ ಎಡಗೈಯಲ್ಲಿ ಉಳಿದಿತ್ತು. ಸೆರಗು ತನ್ನ ಪಾಡಿಗೆ ಹೆಗಲ ಮೇಲಿತ್ತು.

ಅವಳು ಲೋಟ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಆ ಕೈಯನ್ನೇ ನೋಡುತ್ತ ನಿಂತ... ಅವಳ ಕೆನ್ನೆ ಕೆಂಪಾಯಿತು.

"ಅಲ್ಲೆ ಅಷ್ಟು ಮಾತಾಡವ್ರು," ಎಂದಳು ಮೆಲ್ಲಗೆ, "ಇಲ್ಲೆ ಏನರ ಮಾತಾಡಬಾರದೇನು?"

"ಸ್ವಲ್ಪ ಸುಮ್ಮನಿರ್ರಿ," ಎಂದ ಪ್ರಹ್ಲಾದ. "ನನಗ ನೋಡ್ಲಿಕ್ಕೆ ಬಿಡ್ರಿ."