ಮೂಳೆ ಮೆತ್ತಗಾಗುವವರೆಗೆ

ಬೆಳಿಗ್ಗೆ ಅವಳು ಮೈಕ್ರೋಸ್ಕೋಪಿನ ದೀಪ ಹಚ್ಚುವಷ್ಟರಲ್ಲಿ ಆ ಸುದ್ದಿ ಬಂತು. ತಂದವರು ಲ್ಯಾಬಿನ ಹಿರಿಯ ಟೆಕ್ನೀಷಿಯನ್. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಮಾವ ಎಂದೇ ಕರೆಯುತ್ತಿದ್ದರು.

"ಮೇಡಂ... ಗುಬ್ಬಿ ಹೋಗಿಬಿಟ್ಲು. ನಸುಕಿನಲ್ಲೇ."

ಅವಳು ದೀಪ ಆರಿಸಿದಳು. ಮತ್ತೆ ಹಚ್ಚಿದಳು. ಕೈಗೆ ಬೇರೇನೂ ತೋಚಲಿಲ್ಲ.

ಗುಬ್ಬಿ ಎಂದರೆ ಅದೇ ಆಸ್ಪತ್ರೆಯ ಮೂಳೆ ಡಾಕ್ಟರ ಒಬ್ಬಳೇ ತಂಗಿ, ಇನ್ನೂ ಶಾಲೆ ಮುಗಿಸದ ಹುಡುಗಿ. ಅವಳ ಮೊಣಕಾಲಿನ ಮೇಲೆ ಬೆಳೆದದ್ದು ಕ್ಯಾನ್ಸರ್ ಎಂದು ಮೊದಲು ಬರೆದವಳು ಇವಳೇ, ಈ ಲ್ಯಾಬಿನ ಪೆಥಾಲಜಿಸ್ಟ್.

"ಹೋಗಿ ಬನ್ನಿ ಮೇಡಂ. ಇಲ್ಲಿ ನಾನು ನೋಡ್ಕೋತೀನಿ."

"ನನ್ನ ಮುಖ ನೋಡಿದ್ರೆ ಅವರಿಗೆ ಆ ರಿಪೋರ್ಟೇ ನೆನಪಾಗುತ್ತೆ ಮಾವ. ನೀವು ಹೋಗಿ."

ಅವಳಿಗೆ ತುಂಬ ದಣಿವಾಗಿತ್ತು. ನಿದ್ದೆಯಿಂದ ಹೋಗುವ ದಣಿವಲ್ಲ ಅದು.

ಅವಳಿಗೂ ಆ ಮೂಳೆ ಡಾಕ್ಟರಿಗೂ ಪರಿಚಯವಾದದ್ದೇ ಜಗಳದಿಂದ. ಅಂದು ಅವನು ಮೂಳೆಯ ಚೂರಿದ್ದ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ, "ನಾಳೆ ರಿಪೋರ್ಟ್ ಬೇಕು" ಎಂದಿದ್ದ.

"ಮಾಂಸ ಆಗಿದ್ರೆ ಕೊಡ್ತಿದ್ದೆ. ಇದು ಮೂಳೆ. ಆಸಿಡ್‌ನಲ್ಲಿ ನೆಂದು ಮೆತ್ತಗಾದ್ಮೇಲೇ ತೆಳ್ಳಗೆ ಕತ್ತರಿಸೋಕಾಗೋದು."

"ಜೋರಾದ ಆಸಿಡ್ ಹಾಕಿ."

"ಜೀವಕಣಗಳು ಹಾಳಾಗ್ತವೆ, ಓದೋಕೆ ಏನೂ ಉಳಿಯಲ್ಲ. ಅವಸರ ಅಂತ ನೀವು ಸುತ್ತಿಗೇಲಿ ಆಪರೇಷನ್ ಮಾಡ್ತೀರಾ?"

"ಮಾಡ್ತೀವಿ. ಮೂಳೆ ಡಾಕ್ಟ್ರಲ್ವಾ."

ಮಾವ ಗೋಡೆಯ ಕಡೆ ತಿರುಗಿ ನಕ್ಕರು. ಅವಳು ನಗಲಿಲ್ಲ.

"ಎಕ್ಸ್-ರೇ ಕೊಡಿ. ಅದನ್ನು ನೋಡದೆ ನಾನು ಮೂಳೆಯ ಸ್ಲೈಡ್ ಓದೋದಿಲ್ಲ."

ಅವನು ಎಕ್ಸ್-ರೇಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. "ಸ್ವಲ್ಪ ಬೇಗ... ನನ್ನ ತಂಗಿ."

ಅವಳ ಕೋಪವೆಲ್ಲ ಅಲ್ಲೇ ಇಳಿದುಹೋಯಿತು.

ಆಮೇಲೆ ಅವನು ದಿನವೂ ಬಂದ. ಮೂಳೆ ಮೆತ್ತಗಾಯಿತೇ ಎಂದು ಕೇಳುವ ನೆಪ, ಕೈಯಲ್ಲಿ ಎರಡು ಲೋಟ ಟೀ. ಗುಬ್ಬಿಯ ತುಂಟತನದ ಕಥೆ ಹೇಳುತ್ತ ಕೂರುತ್ತಿದ್ದ.

"ಮೂಳೆಗಿಂತ ಮೊದಲು ಡಾಕ್ಟ್ರೇ ಮೆತ್ತಗಾದ್ರು" ಎಂದರು ಮಾವ.

ಅವಳ ಕೆನ್ನೆ ಕೆಂಪಾಯಿತು. 'ಈ ಕಾಯುವಿಕೆ ಮುಗಿಯದಿದ್ದರೆ...' ಎನಿಸಿತು. ಹಾಗೆ ಎನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಸ್ಲೈಡ್ ಸಿದ್ಧವಾದ ದಿನ, ಇಬ್ಬರು ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪಿನಲ್ಲಿ ಎದುರುಬದುರು ಕುಳಿತು ನೋಡಿದರು.

"ಮುರಿದ ಮೂಳೆ ಕೂಡಿಕೊಳ್ಳುವಾಗಲೂ ಹೀಗೇ ಕಾಣುತ್ತಲ್ವಾ? ಗುಬ್ಬಿ ಸೈಕಲ್‌ನಿಂದ ಬಿದ್ದಿದ್ಲು."

"ಅಲ್ಲಿ ಕಣಗಳು ಹೊಸ ಮೂಳೆಯ ಅಂಚಿಗೆ ಸಾಲಾಗಿ ನಿಂತಿರ್ತವೆ. ಇಲ್ಲಿ ಸಾಲೇ ಇಲ್ಲ. ಕೆಟ್ಟ ಕಣಗಳೇ ಅಡ್ಡಾದಿಡ್ಡಿ ಮೂಳೆ ಕಟ್ತಾ ಇವೆ... ಆ ಗುಲಾಬಿ ಬಣ್ಣದ ಜಾಲರಿ ನೋಡಿ."

ಅವನು ತುಂಬ ಹೊತ್ತು ನೋಡಿದ.

"ತಪ್ಪಿರಬಹುದು ಅಂತ ಒಂದು ಮಾತು ಹೇಳಿ. ಸಾಕು."

ಹೇಳಿದ್ದರೆ ಅವನು ಆ ರಾತ್ರಿ ನಿದ್ದೆ ಮಾಡುತ್ತಿದ್ದ.

"ಇಲ್ಲ" ಎಂದಳು ಅವಳು.

ಮರುದಿನದಿಂದ ಅವನು ಬರಲಿಲ್ಲ. ಅವಳಿಗೆ ತಿಳಿಸದೆ ಸ್ಲೈಡುಗಳನ್ನು ಬೇರೆ ಊರಿನ ತಜ್ಞರಿಗೆ ಕಳಿಸಿದ. ಅವರೇನು ಹೇಳಿದರೆಂದೂ ತಿಳಿಸಲಿಲ್ಲ. ಗುಬ್ಬಿಗೆ ಔಷಧ ಕೊಟ್ಟರು, ಕಾಲು ತೆಗೆದರು. ಕಾಯಿಲೆ ಶ್ವಾಸಕೋಶಕ್ಕೂ ಹರಡಿತು. ಕಾರಿಡಾರಿನಲ್ಲಿ ಎದುರಾದರೆ ಅವನು ತಲೆ ತಗ್ಗಿಸಿ ಹೋಗುತ್ತಿದ್ದ.

'ನನ್ನನ್ನು ನಂಬಲಿಲ್ಲ. ಈಗ ದ್ವೇಷಿಸುತ್ತಾನೆ' ಎಂದುಕೊಂಡಳು. ಪ್ರೀತಿಸಿದ್ದನ್ನು ಯಾರಿಗೂ ಹೇಳಲಿಲ್ಲ.

ಸಾವಿನ ಸುದ್ದಿ ಬಂದ ವಾರದ ಕೊನೆಯಲ್ಲಿ, ಮಧ್ಯಾಹ್ನ, ಅವನು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು. ಮಾವ ಏನೋ ಕೆಲಸ ನೆನಪಾದವರಂತೆ ಹೊರಗೆ ಹೋದರು.

"ಮನೆಗೆ ಯಾಕೆ ಬರಲಿಲ್ಲ?"

"ನೀವು ನನ್ನನ್ನು ನೋಡೋಕೆ ಇಷ್ಟಪಡಲ್ಲ ಅಂದ್ಕೊಂಡೆ. ಸ್ಲೈಡ್ ಹೊರಗೆ ಕಳಿಸಿದ್ರಿ... ಒಂದು ಮಾತೂ ಹೇಳದೆ."

"ಯಾರಾದ್ರೂ ಅಲ್ಲ ಅನ್ನಲಿ ಅಂತ ಕಳಿಸಿದೆ. ಅವರೂ ನೀವು ಹೇಳಿದ್ದನ್ನೇ ಹೇಳಿದ್ರು."

"ಅದನ್ನಾದ್ರೂ ಹೇಳಬಹುದಿತ್ತಲ್ಲ."

"ನಿಮ್ಮ ಮುಂದೆ ಹೇಳಿದ್ರೆ ಅದು ನಿಜವಾಗಿಬಿಡುತ್ತೆ ಅನ್ನಿಸ್ತು. ಹೆದರಿಕೆ... ಕೋಪ ಅಲ್ಲ." ಅವನು ಸ್ಟೂಲಿನ ಮೇಲೆ ಕುಸಿದು ಕುಳಿತ. "ಗುಬ್ಬಿ ಬೈತಿದ್ಲು. ಎಲ್ಲರೂ ನಂಗೆ ಸುಳ್ಳು ಹೇಳ್ತಾರೆ ಅಣ್ಣ, ಸುಳ್ಳು ಹೇಳದೋರು ಆ ಲ್ಯಾಬ್ ಡಾಕ್ಟರ್ ಒಬ್ರೇ, ಅವರ ಹತ್ರಾನೇ ನೀನು ಮಾತು ಬಿಟ್ಟಿದ್ದೀಯ ಅಂತ."

ಅವಳ ಕಣ್ಣು ತುಂಬಿತು. ಪಕ್ಕದಲ್ಲಿ ಬಂದು ಕುಳಿತಳು.

"ಮನೇಲಿ ಅಮ್ಮ ಇದ್ದಾಳೆ, ಅಲ್ಲಿ ಅಳೋ ಹಾಗಿಲ್ಲ" ಎಂದ. "ನಿಮ್ಮ ಹತ್ರ ಅಳೋಣ ಅಂತ ಬಂದೆ. ಅಷ್ಟು ಹತ್ತಿರದೋರು ನನಗೆ ಬೇರೆ ಯಾರೂ ಇಲ್ಲ. ಇದನ್ನು ಹೇಳೋಕೆ ಇದು ಹೊತ್ತಲ್ಲ, ಗೊತ್ತು."

"ಹೇಳಿದ್ದಾಯ್ತಲ್ಲ... ನನಗೂ ಅಷ್ಟೇ. ಮೊದಲಿಂದಲೂ."

ಅವನು ಅತ್ತ. ಅವಳು ತಡೆಯಲಿಲ್ಲ. ಅವನ ಕೈ ತನ್ನ ಕೈಯೊಳಗಿರಲು ಬಿಟ್ಟಳು.

"ನಾಳೆಯೂ ಬರಲಾ?"

"ಬೇಡ. ನಾಳೆ ನಾನೇ ಬರ್ತೀನಿ, ಅಮ್ಮನ್ನ ನೋಡೋಕೆ."

ಸ್ವಲ್ಪ ಹೊತ್ತಿನ ಮೇಲೆ ಅವನು ಮೆಲ್ಲಗೆ ಕೇಳಿದ. "ನನಗೆ ಪ್ರಾರ್ಥನೆ ಮಾಡೋಕೆ ಬರ್ತಾ ಇಲ್ಲ. ಬಾಯೇ ಬರಲ್ಲ. ನೀವು ಹೇಳ್ತೀರಾ?"

ಅವಳು ಕಣ್ಣು ಮುಚ್ಚಿದಳು.

"ದೇವರೇ, ಈ ಮಗು ತುಂಬ ನೋವು ತಿಂದಿದೆ. ನಮ್ಮ ಕೈಲಾದದ್ದು ಮಾಡಿದೆವು, ಸಾಲಲಿಲ್ಲ. ಇನ್ನು ನೀನು ನೋಡಿಕೋ. ನೋವಿಲ್ಲದ ಕಡೆ ಅವಳನ್ನು ಇಡು. ಅವಳ ಆತ್ಮಕ್ಕೆ ಶಾಂತಿ ಕೊಡು."