ಬಲಗಡೆಯ ಸ್ಪೀಕರ್

“ಇದು ಎದೀಗೆ ಗುದ್ದತೈತ್ರಿ, ಮನಸಿಗೆ ಮುಟ್ಟಂಗಿಲ್ಲ. ಬ್ಯಾರೆ ತೋರಸ್ರಿ.”

ಶೋಕೇಸಿನ ಗಾಜು ಇನ್ನೂ ನಡುಗುತ್ತಿತ್ತು. ಪ್ರಭುರಾಜ ಅವಸರದಲ್ಲಿ ಸೌಂಡ್ ತಗ್ಗಿಸಿ ತಲೆ ಎತ್ತಿದ. ಕೊಪ್ಪಳದ ಜವಾಹರ್ ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಾಗಿನಿಂದ, ಸ್ಪೀಕರ್ ಕೇಳಿಕೊಂಡು ಬಂದವರಿಗೆಲ್ಲ ಅವನು ಹಾಕಿ ತೋರಿಸುತ್ತಿದ್ದುದು ಆ ಒಂದೇ ಧಡ್‌ಧಡ್ ಹಾಡು. ಎಲ್ಲರೂ ಖುಷಿಯಿಂದ ಡಬ್ಬಿ ಹೊತ್ತುಕೊಂಡು ಹೋಗುತ್ತಿದ್ದರು. ಮುಖ ಕಿವುಚಿದವಳು ಇವಳೇ ಮೊದಲು.

“ನಿಮಗ ಎಂಥಾದ್ದು ಬೇಕ್ರಿ ಮೇಡಂ?”

ಅವಳು ಬ್ಯಾಗಿನಿಂದ, ಕರ್ಚೀಫಿನಲ್ಲಿ ಸುತ್ತಿದ್ದ ಒಂದು ಸಿ.ಡಿ. ತೆಗೆದಳು. “ಇದರಾಗ ಒಂದು ಹಳೇ ಹಾಡು ಐತಿ. ಆಕಿ ಒಂದು ಸಾಲು ಹಾಡ್ತಾಳ, ಅಂವ ಒಂದು ಸಾಲು. ಅಂವ ಹಾಡೋದು ಛಲೋ ಕೇಳಬೇಕು.”

“ಆಕಿದು?”

“ಆಕಿದು ನನಗ ಬಾಯಿಪಾಠ ಐತಿ.”

ಹಾಗೆ ಹೇಳುತ್ತ ಅವಳು ಕೌಂಟರನ್ನು ಸುತ್ತು ಹಾಕಿ ಬಂದು, ಅವನು ತನ್ನ ಎಡಕ್ಕೆ ಬರುವಂತೆ ನಿಂತಳು. ಗಿರಾಕಿ ಈ ಕಡೆ ಬರುವ ಪದ್ಧತಿ ಇಲ್ಲ. ಆದರೂ ಪ್ರಭುರಾಜನಿಗೆ ಬೇಡ ಎನ್ನಲು ಮನಸ್ಸಾಗಲಿಲ್ಲ. ಮೂವತ್ತಾರಕ್ಕೆ ಕಾಲಿಟ್ಟ ಗಂಡಸಿನ ಪಕ್ಕದಲ್ಲಿ ಹೆಣ್ಣೊಂದು ತಾನಾಗಿ ಬಂದು ನಿಂತರೆ, ಪದ್ಧತಿಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಡಬ್ಬಿಯ ಮೇಲೆ ಬರೆದ ವ್ಯಾಟ್ ನೋಡಬೇಡಿ, ಪ್ಲಾಸ್ಟಿಕ್ಕಿಗಿಂತ ಕಟ್ಟಿಗೆ ಪೆಟ್ಟಿಗೆಯ ಸ್ಪೀಕರಿನಲ್ಲಿ ದನಿ ತುಂಬಿ ಬರುತ್ತದೆ ಎಂದೆಲ್ಲ ಹೇಳಿ, ಕಪ್ಪು ಕಟ್ಟಿಗೆಯ ಒಂದು ಜೋಡಿ ಆರಿಸಿ ಕೊಟ್ಟ. ಹೆಸರು, ವಿಳಾಸ ಕೇಳಿದ, ಬಿಲ್ಲಿಗೆ ಬೇಕಲ್ಲ ಎಂಬ ನೆಪದಲ್ಲಿ. ವಾಣಿಶ್ರೀ. ಗಿಣಿಗೇರಾದ ಸ್ಟೀಲ್ ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ. ಊರು ಯಲಬುರ್ಗಾ ಕಡೆ. ಇಲ್ಲಿ ಬಾಡಿಗೆ ರೂಮಿನಲ್ಲಿ ಒಬ್ಬಳೇ.

ಒಬ್ಬಳೇ ಎಂದಾಗ ಅವಳು ನಕ್ಕಳು. ಆ ನಗು ಅವನಿಗೆ ಗುರುತಿತ್ತು. ಮದುವೆ ಯಾವಾಗ ಎಂದು ಯಾರಾದರೂ ಕೇಳಿದಾಗ ಅವನೂ ಹಾಗೆಯೇ ನಗುತ್ತಿದ್ದ.

ಮುಂದಿನ ವಾರವೇ ಸ್ಪೀಕರ್ ವಾಪಸ್ ಬಂತು.

“ಬಲಗಡೇದು ಸಣ್ಣಗ ಬರಾಕತ್ತೈತ್ರಿ.”

ಹಾಕಿ ನೋಡಿದರೆ ಎರಡೂ ಸರಿಯಾಗಿಯೇ ಇದ್ದವು. ಮಾತು ಬೆಳೆಸದೆ ಬೇರೆ ಜೋಡಿ ಕೊಟ್ಟ. ಅದೂ ತಿರುಗಿ ಬಂತು, ಅದೇ ದೂರು ಹೊತ್ತುಕೊಂಡು. ಪ್ರಭುರಾಜನಿಗೆ ಒಳಗೊಳಗೇ ಸಕ್ಕರೆ ತಿಂದಷ್ಟು ಖುಷಿ. ಸ್ಪೀಕರ್ ಎಲ್ಲಾ ಸರಿ ಇವೆ, ಬರಲು ಒಂದು ನೆಪ ಬೇಕಾಗಿದೆ ಅಷ್ಟೇ ಎಂದು ಅವನು ಲೆಕ್ಕ ಹಾಕಿಬಿಟ್ಟ. ಚಹಾ ತರಿಸಿದ. ಅವಳು ಬರುವ ಶನಿವಾರ ಇಸ್ತ್ರಿ ಮಾಡಿದ ಅಂಗಿ ಹಾಕತೊಡಗಿದ. ಅವಳೂ ಚಹಾ ಕುಡಿಯುತ್ತ ಕೂತು ಬಿಡುತ್ತಿದ್ದಳು, ಅವನ ಮಾತು ಕೇಳುವಾಗ ಮುಖವನ್ನು ತುಸು ಓರೆ ಮಾಡಿ. ಆ ಓರೆ ನೋಟ ತನಗಾಗಿಯೇ ಎಂದು ಅವನು ತಿಳಿದ. ಪ್ರೀತಿ ಮೂಡಿದವನ ಮುಂದೆ ಹೆಣ್ಣು ಸೀನಿದರೂ ಅದರಲ್ಲಿ ಅರ್ಥ ಕಾಣುತ್ತದೆ.

ಮೂರನೆಯ ಜೋಡಿಯೂ ವಾಪಸ್ ಬಂದ ದಿನ ಅಂಗಡಿಯಲ್ಲಿ ಜನ ಇದ್ದರು. ಪ್ರಿಂಟರ್ ರಿಪೇರಿಗೆ ಬಂದಿದ್ದ ಹೈದರಸಾಬ, ಕಾಲೇಜಿನ ಹುಡುಗರು. ಅವಳ ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿದ ಪ್ರಭುರಾಜನ ನಾಲಿಗೆ, ಅವಳನ್ನು ಕಂಡ ಹುಮ್ಮಸ್ಸಿನಲ್ಲಿ ಸಡಿಲಾಯಿತು.

“ಸ್ಪೀಕರ್ ಬರೋಬ್ಬರಿ ಅದಾವ್ರಿ ಮೇಡಂ. ಒಂದ್ಸಲ ಕಿವಿ ತೋರಿಸ್ಕೊಂಡು ಬರ್ರಿ ಮತ್ತ!”

ಹುಡುಗರು ಘೊಳ್ಳನೆ ನಕ್ಕರು. ವಾಣಿಶ್ರೀಯ ಮುಖ ಸುಣ್ಣ ಬಳಿದಂತೆ ಬಿಳಿಚಿತು. ಅವಳು ಸ್ಪೀಕರನ್ನು ಕೌಂಟರಿನ ಮೇಲೆ ಮೆಲ್ಲಗೆ ಇಟ್ಟು, ಮೆಟ್ಟಿಲಿಳಿದು ಹೋದಳು. “ಮೇಡಂ, ಮಷ್ಕಿರಿ ಮಾಡಿದೆನ್ರೀ!” ಎಂದು ಅವನು ಕೂಗಿದ. ಅವಳು ತಿರುಗಲಿಲ್ಲ.

ಅವಳಿಗೆ ಬಲಗಿವಿ ಕೇಳುತ್ತಿರಲಿಲ್ಲ.

ಸಣ್ಣವಳಿದ್ದಾಗ ಬಂದ ಜ್ವರ ಅದನ್ನು ಒಯ್ದಿತ್ತು. ಮನೆಯವರು ಅದನ್ನು ಮುಚ್ಚಿಟ್ಟರು. ಕನ್ಯೆ ನೋಡಲು ಬಂದವರ ಎದುರು ಅವಳನ್ನು ಬಲಕ್ಕೆ ಗೋಡೆ ಬರುವಂತೆ ಕೂಡಿಸುತ್ತಿದ್ದರು. ಒಮ್ಮೆ ಹುಡುಗನ ಅತ್ತೆಯೊಬ್ಬಳು ಅವಳಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ತೂರಿ ಕೂತು ಏನೋ ಕೇಳಿದಳು. ಉತ್ತರ ಬರಲಿಲ್ಲ. ‘ಹುಡುಗಿಗೆ ಸೊಕ್ಕು ಭಾಳ’ ಎಂದರು. ಸೊಕ್ಕಲ್ಲ, ಕಿವಿ ಎಂದು ಗೊತ್ತಾದಾಗ ‘ಮೋಸ’ ಎಂದರು. ಆಮೇಲೆ ಯಾರೂ ಬರಲಿಲ್ಲ. ಬರುವುದು ಅವಳಿಗೂ ಬೇಕಿರಲಿಲ್ಲ.

ಬಸ್ಸಿನಲ್ಲಿ ಬಲಗಡೆಯ ಕಿಟಕಿ ಸೀಟು. ದಾರಿಯಲ್ಲಿ ಜೊತೆಗಾರರು ಎಡಕ್ಕೆ. ಫ್ಯಾಕ್ಟರಿ ಒಂದೇ ಅವಳಿಗೆ ಆರಾಮದ ಜಾಗ. ಆ ಸದ್ದಿನಲ್ಲಿ ಎಲ್ಲರೂ ಕಿರುಚಿಯೇ ಮಾತಾಡಬೇಕು, ಎಲ್ಲರೂ “ಆಂ?” ಎನ್ನಲೇಬೇಕು.

ಆ ಹಾಡು ಹಾಸ್ಟೆಲಿನ ದಿನಗಳದ್ದು. ಗೆಳತಿಯ ವಾಕ್‌ಮನ್ನಿನಲ್ಲಿ ದಿನಾ ಕೇಳುತ್ತಿದ್ದಳು. ಹೆಣ್ಣು ಒಂದು ಪ್ರಶ್ನೆ ಹಾಡುತ್ತಾಳೆ. ಆಮೇಲೆ ಬರೀ ತಬಲಾ. ಮತ್ತೊಂದು ಪ್ರಶ್ನೆ, ಮತ್ತೆ ಬರೀ ತಬಲಾ. ಉತ್ತರವಿಲ್ಲದ ಹಾಡು ಎಂದೇ ಅದು ಅವಳಿಗೆ ಇಷ್ಟವಾಗಿತ್ತು. ಎಷ್ಟೋ ವರ್ಷಗಳ ನಂತರ ಹುಲಿಗಿಯ ಬಸ್ ಸ್ಟ್ಯಾಂಡಿನ ಹೋಟೆಲಿನ ರೇಡಿಯೊದಲ್ಲಿ ಅದೇ ಹಾಡು ಬಂತು. ತಬಲಾದ ಜಾಗದಲ್ಲಿ ಗಂಡಸೊಬ್ಬ ಉತ್ತರ ಕೊಡುತ್ತಿದ್ದ. ಚಹಾದ ಕಪ್ಪು-ಬಸಿಗಳ ಸಪ್ಪಳದ ನಡುವೆ ಅವನ ಮಾತು ಪೂರ್ತಿ ಸಿಗಲಿಲ್ಲ. ವಾಣಿಶ್ರೀ ಅಲ್ಲೇ ಕಣ್ಣೀರು ಹಾಕಿದಳು. ಅವನು ಅಷ್ಟು ವರ್ಷವೂ ಹಾಡುತ್ತಲೇ ಇದ್ದನಲ್ಲ, ತನಗೆ ಕೇಳದ ಕಿವಿಯಲ್ಲಿ!

ಅದಕ್ಕೇ ಅವಳಿಗೆ ಒಳ್ಳೆಯ ಸ್ಪೀಕರ್ ಬೇಕಿತ್ತು. ಸ್ಪೀಕರ್ ಚೆನ್ನಾಗಿದ್ದರೆ ಎರಡು ದನಿಯೂ ಸಮನಾಗಿ ಕೇಳೀತು ಎಂದುಕೊಂಡಿದ್ದಳು. ಕಿವಿಯ ವಿಷಯ ಹೇಳದೆ ಅದನ್ನು ಕೊಳ್ಳಲು ಹೋಗಿದ್ದಳು. ಈಗ ಹೇಳದೆಯೇ ಬಯಲಾದಂತಾಗಿತ್ತು, ಅದೂ ನಗೆಯ ನಡುವೆ. ಆ ಮನುಷ್ಯನ ಅಂಗಡಿಯ ಚಹಾದ ರುಚಿ ಬಾಯಲ್ಲಿ ಇನ್ನೂ ಉಳಿದಿದ್ದುದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಶನಿವಾರಗಳು ಬಂದು ಹೋದವು. ಪ್ರಭುರಾಜ ಇಸ್ತ್ರಿ ಅಂಗಿ ತೊಟ್ಟು ರಸ್ತೆ ಕಾಯ್ದ.

ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಂಪ್ಯೂಟರಿನ ಟ್ರೇ ತೆರೆದರೆ ಅವಳ ಸಿ.ಡಿ. ಅಲ್ಲೇ ಇತ್ತು. ಹೆಡ್‌ಫೋನ್ ಹಾಕಿಕೊಂಡು ಆ ಹಾಡು ಹಚ್ಚಿದ. ಹೆಣ್ಣು ದನಿ ಎಡಕ್ಕೆ, ಗಂಡು ದನಿ ಬಲಕ್ಕೆ. ಫೋನ್ ಬಂತೆಂದು ಬಲಗಡೆಯದನ್ನು ಕಿವಿಯಿಂದ ಸರಿಸಿದ. ಗಂಡು ದನಿ ನಿಂತುಹೋಯಿತು. ಹೆಣ್ಣು ಕೇಳುತ್ತಲೇ ಇದ್ದಳು.

‘ಆಕಿದು ನನಗ ಬಾಯಿಪಾಠ ಐತಿ.’

ಬಲಗಡೇದು ಸಣ್ಣಗ. ಕೌಂಟರ್ ಸುತ್ತಿ ಬಂದು ನಿಂತದ್ದು. ಓರೆ ಮಾಡಿದ ಮುಖ. ಪ್ರಭುರಾಜನಿಗೆ ಎಲ್ಲವೂ ಒಟ್ಟಿಗೇ ತಿಳಿಯಿತು. ಫೋನ್ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ತನ್ನ ಬಾಯಿಗೆ ತಾನೇ ಬೈದುಕೊಂಡ. ಆಮೇಲೆ ಬಲಗಿವಿಗೆ ಹತ್ತಿ ತುರುಕಿಕೊಂಡು ಸಂಜೆಯವರೆಗೆ ಹಾಗೆಯೇ ಕೂತ. ಬಲಗಡೆ ನಿಂತು ಮಾತಾಡಿಸಿದ ಹೈದರಸಾಬ “ಏನ್ ಸಾಹುಕಾರ, ನಮ್ಮ ಮ್ಯಾಲ ಸಿಟ್ಟೇನು?” ಎಂದ.

ಭಾನುವಾರ ಅವನು ವಾಣಿಶ್ರೀಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಅವಳ ಸಿ.ಡಿ. ಮತ್ತು ಒಂದೇ ಒಂದು ಸ್ಪೀಕರ್. ಪಕ್ಕದ ಮನೆಯ ಮಾಲಕಿ ಶಾಂತಕ್ಕ ಮೆಂತ್ಯೆ ಸೊಪ್ಪು ಸೋಸುತ್ತ, ತನ್ನ ಕಟ್ಟೆಯ ಮೇಲೆ ಇವಳ ಬಾಗಿಲಿನ ಕಡೆಗೆ ತುಸು ಸರಿದು ಕೂತಳು.

“ಜೋಡಿ ಇರ್ತಾವಲ್ರಿ?” ವಾಣಿಶ್ರೀ ಬಾಗಿಲಿಗೆ ಅಡ್ಡ ನಿಂತೇ ಕೇಳಿದಳು.

“ಎಡಾ ಬಲಾ ಎರಡೂ ವಾಯರ್ ಕೂಡಿಸಿ ಒಂದರಾಗ ಬರೂಹಂಗ ಮಾಡೀನ್ರಿ. ಆಕಿನೂ ಇದರಾಗ ಹಾಡ್ತಾಳ, ಅಂವನೂ.”

ಅವಳಿಗೆ ತಿಳಿಯಿತು. ಅವನಿಗೆ ತಿಳಿದಿದೆ ಎಂಬುದೂ ತಿಳಿಯಿತು. “ಕನಿಕರ ನನಗ ಬ್ಯಾಡ್ರಿ. ತಗೊಂಡು ಹೋಗ್ರಿ.”

“ಕನಿಕರ ಅಲ್ರಿ. ತಪ್ಪು ಮಾಡೀನಿ, ನಾಕು ಮಂದಿ ಮುಂದ ಅಂದೀನಿ. ಬೇಕಾದ್ರ ಅದೇ ನಾಕು ಮಂದೀನ ಕರಕೊಂಡು ಬಂದು ನಿಮ್ಮ ಮುಂದ ಕಿವಿ ಹಿಡಕೊಂಡು ನಿಂದ್ರತೀನಿ.” ಅವನ ದನಿ ಇಳಿಯಿತು. “ನೀವು ಬರ್ಲಾರದ ಶನಿವಾರ ಅಂಗಡ್ಯಾಗ ಹೊತ್ತ ಹೋಗವಲ್ದರಿ. ಅಷ್ಟ ಐತಿ ನನ್ನ ಹಕೀಕತ್ತು.”

“ಒಳಗ ಕರಿಯವ್ವ, ಬಿಸಲಾಗ ನಿಂತಾನ,” ಎಂದಳು ಶಾಂತಕ್ಕ, ಸೊಪ್ಪಿನಿಂದ ತಲೆ ಎತ್ತದೆ. “ಬಾಗಿಲಾ ತಗದಿರ್ಲಿ. ನಾನೂ ಹಾಡು ಕೇಳ್ತೀನಿ.”

ಅವನು ಸ್ಪೀಕರನ್ನು ಮೇಜಿನ ಎಡ ತುದಿಗೆ ಇಟ್ಟು ಅವಳ ಕಂಪ್ಯೂಟರಿಗೆ ವಾಯರ್ ಸಿಕ್ಕಿಸಿದ. ಸಿ.ಡಿ. ತಿರುಗಿತು. ಹೆಣ್ಣು ಕೇಳಿದಳು. ತಬಲಾ ಬಂತು. ಅದರ ಬೆನ್ನಿಗೇ ಗಂಡು ದನಿ, ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ, ಅವಳ ದನಿಯಷ್ಟೇ. ‘ಇಲ್ಲೇ ಇದ್ದೀನಿ’ ಎನ್ನುವಂಥ ಸಾದಾ ಉತ್ತರ. ವಾಣಿಶ್ರೀ ಕುರ್ಚಿಯ ಬೆನ್ನು ಹಿಡಿದು ನಿಂತಳು. ಕಣ್ಣೊರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಹಾಡು ಮುಗಿದಾಗ ಪ್ರಭುರಾಜ ಅವಳ ಬಲಕ್ಕೆ ನಿಂತಿದ್ದ. ಯಾರನ್ನೂ ಬಿಟ್ಟುಕೊಳ್ಳದ ಆ ಬದಿಗೆ. ಅವನು ಬಾಗಿ ಏನೋ ಹೇಳಿದ. ಅವನ ಉಸಿರು ಮಾತ್ರ ಕೆನ್ನೆಗೆ ತಾಗಿತು.

ಅಭ್ಯಾಸದಂತೆ ಅವಳು ಹೂಂ ಎಂದು ನಕ್ಕು ಸುಮ್ಮನಾಗಬಹುದಿತ್ತು. ಇಷ್ಟು ವರ್ಷ ಹಾಗೆಯೇ ಮಾಡಿದ್ದಳು.

“ಆ ಕಿವಿ ನನಗ ಕೇಳಂಗಿಲ್ರಿ,” ಎಂದಳು. ಜನ್ಮದಲ್ಲಿ ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದಳು.

“ಗೊತ್ತೈತ್ರಿ. ಧೈರ್ಯ ಸಾಲಲಿಲ್ಲ. ಅದಕ್ಕ ಮೊದಲು ಆ ಕಡೆ ಹೇಳಿ ನೋಡಿದೆ.”

ಹೊರಗೆ ಶಾಂತಕ್ಕನ ಕೈಯಲ್ಲಿ ಸೊಪ್ಪು ಸೋಸುವುದು ನಿಂತಿತ್ತು.

ವಾಣಿಶ್ರೀ ಸೆರಗಿನಿಂದ ಮುಖ ಒರೆಸಿಕೊಂಡು, ತನ್ನ ಎಡಕ್ಕೆ ಒಂದು ಕುರ್ಚಿ ಎಳೆದು ಹಾಕಿದಳು.

“ಈ ಕಡೆ ಬಂದು ಹೇಳ್ರಿ,” ಎಂದಳು.